ಕೆಂಪು ಹಲಗೆ, ಕಪ್ಪು ಹಲಗೆ

ಹೋದ ತಿಂಗಳು ಹೊಸದುರ್ಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಸಂತೆಯ ಕಡೆ ತಿರುಗುವಲ್ಲಿ ನಮ್ಮ ಪ್ರೆಸ್ ಇತ್ತು. ಈಗ ಅಲ್ಲಿ ಮೊಬೈಲ್ ಅಂಗಡಿ. ಅದರ ಪಕ್ಕದ ಗೋಡೆಗೆ ಒಬ್ಬ ಪೇಂಟರ್ ಸಿಮೆಂಟಿನ ಜಾಹೀರಾತು ಬರೆದು ಮುಗಿಸಿ, ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಹಳೇ ಬನಿಯನ್ನಿಗೆ ಒರೆಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಕೈಯಲ್ಲಿ ತರಕಾರಿ ಚೀಲ ಹಿಡಿದು ಗೋಡೆ ನೋಡುತ್ತ ನಿಂತ ಹೆಂಗಸನ್ನು ಕಂಡು ಅವನು, ಅಕ್ಷರ ಏನಾದ್ರೂ ತಪ್ಪೈತಾ ಅಕ್ಕ ಅಂತ ಕೇಳಿದ. ಇಲ್ಲಪ್ಪ, ಚೆನ್ನಾಗೈತೆ ಅಂದು ಮುಂದೆ ನಡೆದೆ.

ನನಗೆ ಸೀಮೆಎಣ್ಣೆ ಅಂದರೆ ಒಲೆಯಲ್ಲ, ದೀಪವಲ್ಲ. ೨೦೦೩ರ ಬೇಸಿಗೆ, ರುದ್ರಪ್ಪನವರ ಪ್ರೆಸ್ಸು, ಅಚ್ಚಿನ ಯಂತ್ರದ ರೋಲರ್ ಒರೆಸುತ್ತಿದ್ದ ತಿಪ್ಪೇಸ್ವಾಮಣ್ಣ.

ಆಗ ನನಗೆ ಇಪ್ಪತ್ಮೂರು. ಊರು ಚಿಕ್ಕಜಾಜೂರು, ಅಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಚಿತ್ರದುರ್ಗದಲ್ಲಿ ಒಂದು ವರ್ಷದ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದೆ. ಆ ಸರ್ಟಿಫಿಕೇಟನ್ನು ಅಪ್ಪ ದೇವರ ಫೋಟೋದ ಸಾಲಿನಲ್ಲೇ ತೂಗುಹಾಕಿದ್ದರು, ಹಾಗಾಗಿ ದಿನಾ ಅದಕ್ಕೂ ಊದುಬತ್ತಿ ಸಿಗುತ್ತಿತ್ತು. ನನಗೆ ಅಹಂಕಾರ ಬರಲು ಇಷ್ಟು ಸಾಕಿತ್ತು. ಬೆಳಿಗ್ಗೆ ಹೊಳಲ್ಕೆರೆಗೆ ಒಂದು ಬಸ್ಸು, ಅಲ್ಲಿಂದ ಹೊಸದುರ್ಗಕ್ಕೆ ಇನ್ನೊಂದು. ಕಿಟಕಿಯಿಂದ ಕಾದ ಗಾಳಿ, ತೆಂಗಿನ ತೋಟ, ಮತ್ತೆ ಬಯಲು, ಮತ್ತೆ ತೋಟ.

ಪ್ರೆಸ್ಸಿನಲ್ಲಿ ಎರಡು ಕೋಣೆ. ಮುಂದಿನದರಲ್ಲಿ ನಾನು ಮತ್ತು ಕಂಪ್ಯೂಟರು. ಅದಕ್ಕೆ ಯಜಮಾನರ ಮನೆಯವರು ಹೊಲಿದುಕೊಟ್ಟ ಹೂವಿನ ಬಟ್ಟೆಯ ಗವಸು. ಹಿಂದಿನದರಲ್ಲಿ ಅಚ್ಚುಮೊಳೆಗಳ ಖಾನೆಗಳು, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ, ಮತ್ತು ಇಪ್ಪತ್ತೆಂಟು ವರ್ಷದಿಂದ ಅಲ್ಲೇ ನಿಂತು ಮೊಳೆ ಜೋಡಿಸುತ್ತಿದ್ದ ತಿಪ್ಪೇಸ್ವಾಮಣ್ಣ. ಸಣಕಲು ಆಳು, ಮಾತು ಕಡಿಮೆ. ಅಕ್ಷರವನ್ನು ತಿರುಗುಮುರುಗಾಗಿಯೇ ಓದಿ ಓದಿ, ಪೇಪರನ್ನು ನೇರವಾಗಿ ಓದುವಾಗ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ಮುಂದಿನ ಕೋಣೆಯ ಹುಡುಗಿ ತಮ್ಮ ಕೆಲಸವನ್ನು ನುಂಗಲು ಬಂದವಳು ಎಂದು ಅವರಿಗೆ ಗೊತ್ತಿತ್ತು. ಆದರೂ ಹನ್ನೊಂದು ಗಂಟೆಯ ಚಹಾ ಬಂದಾಗ ಮೊದಲ ಲೋಟ ನನ್ನ ಮೇಜಿಗೇ ಕಳಿಸುತ್ತಿದ್ದರು.

ಅವರ ಕೋಣೆಯಲ್ಲಿ ಎರಡು ಹಲಗೆಗಳಿದ್ದವು. ಪೂರ್ವದ ಗೋಡೆಗೆ ಕೆಂಪಕ್ಷರದ್ದು, ಎದುರು ಗೋಡೆಗೆ ಕಪ್ಪಕ್ಷರದ್ದು. ಕೆಂಪು ಹಲಗೆ ಲಗ್ನಪತ್ರಿಕೆ, ಗೃಹಪ್ರವೇಶಕ್ಕೆ; ಕಪ್ಪು ಹಲಗೆ ತಿಥಿ ಕಾರ್ಡಿಗೆ. ವಧೂವರರ ಹೆಸರು ಯಾವ ಅಳತೆಯ ಮೊಳೆ, ಮುಹೂರ್ತದ ಸಾಲು ಎಷ್ಟು ದಪ್ಪ, ಅಂಚಿಗೆ ಯಾವ ಬಳ್ಳಿ, ಎಲ್ಲ ಅದರಲ್ಲಿ ಬರೆದಿತ್ತು. ಗಿರಾಕಿಗಳು ತಂದ ಬರಹದ ಪಕ್ಕದಲ್ಲಿ ತಿಪ್ಪೇಸ್ವಾಮಣ್ಣ ಬರೀ ಗುರುತು ಹಾಕುತ್ತಿದ್ದರು: ಹೆಸರಿಗೆ 'ಹೆ', ಮುಹೂರ್ತಕ್ಕೆ 'ಮು', ಕರೆಯುವವರಿಗೆ 'ಕ'. 'ಹೆ' ಅಂದರೆ ಏನು ಮಾಡಬೇಕು ಎಂದು ಹಲಗೆ ಹೇಳುತ್ತಿತ್ತು. ಕೆಂಪು ಹಲಗೆಯ ಕೊನೆಯಲ್ಲಿ, 'ಕರೆಯುವವರ ಸಾಲಿನಲ್ಲಿ ಹೆಂಗಸರ ಪೈಕಿ ಮುತ್ತೈದೆಯರ ಹೆಸರು ಮಾತ್ರ' ಎಂದೂ ಇತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ, ಒಂದು ದಿನವೂ ಓದಿರಲಿಲ್ಲ.

ತಿಥಿ ಕಾರ್ಡು ಅಚ್ಚಾದ ದಿನ ಅದೇ ಯಂತ್ರದಲ್ಲಿ ಲಗ್ನಪತ್ರಿಕೆ ಹೊಡೆಯುವಂತಿರಲಿಲ್ಲ. ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮಾರನೆ ಬೆಳಿಗ್ಗೆ ಯಂತ್ರಕ್ಕೆ ಕುಂಕುಮವಿಟ್ಟ ಮೇಲೇ ಕೆಂಪು ಶಾಯಿ. ಎರಡಕ್ಕೂ ಒರೆಸುವ ಬಟ್ಟೆ ಬೇರೆ, ಡಬ್ಬಿ ಬೇರೆ, ಜೋಡಿಸಿದ ಮೊಳೆಗಳನ್ನು ಇಡುವ ತಟ್ಟೆ ಬೇರೆ. ನಮ್ಮ ಕಡೆ ತಿಥಿ ಕಾರ್ಡನ್ನು ಓದಿ ಹರಿದುಹಾಕುತ್ತಾರೆಯೇ ಹೊರತು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಅಂಥದರ ಶಾಯಿ ಒಂದು ಚುಕ್ಕೆ ಲಗ್ನಪತ್ರಿಕೆಗೆ ತಾಗಿದರೂ ಪ್ರೆಸ್ಸಿಗೆ ಬೀಗ ಹಾಕಬೇಕಾಗುತ್ತದೆ ಎಂದು ತಿಪ್ಪೇಸ್ವಾಮಣ್ಣ ಹೇಳುತ್ತಿದ್ದರು.

ಯಜಮಾನರಿಗೆ ಆ ವರ್ಷ ಇಂಟರ್ನೆಟ್ಟಿನ ಹುಚ್ಚು ಹಿಡಿದಿತ್ತು. ಹೊಸದುರ್ಗದ ಕೊಬ್ಬರಿ ವರ್ತಕರ ನೆಂಟರು, ವ್ಯಾಪಾರದವರು ಇಂದೋರ್, ಪುಣೆ ಎಂದು ಹರಡಿಕೊಂಡಿದ್ದರು. ಅವರಿಗೆ ಅಂಚೆಯಲ್ಲಿ ಕಳಿಸಿದ ಪತ್ರಿಕೆ ಮದುವೆ ಮುಗಿದ ಮೇಲೆ ತಲುಪುತ್ತಿತ್ತು. ನಮ್ಮಲ್ಲಿ ಅಚ್ಚಾದ ಪತ್ರಿಕೆಯನ್ನು ಇಂಟರ್ನೆಟ್ಟಿನಲ್ಲೂ ಹಾಕಿಕೊಡೋಣ ಎಂದು ಅವರ ಲೆಕ್ಕ. ಹಾಗೆ ನಾನು ಪುಟ ಕಟ್ಟಲು ಕುಳಿತೆ. ಟೆಲಿಫೋನ್ ತಂತಿಯಲ್ಲಿ ಕಿರುಗುಟ್ಟಿಕೊಂಡು ಬರುವ ಇಂಟರ್ನೆಟ್ಟು. ಯಾರಾದರೂ ಫೋನ್ ಎತ್ತಿದರೆ ಅರ್ಧಕ್ಕೇ ಕಡಿತ. ಕನ್ನಡ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಮ್ಮ ಪುಟ ತೆರೆದರೆ ಬರೀ ಇರುವೆ ಸಾಲು.

ಕೋರ್ಸಿನಲ್ಲಿ ನನಗೆ ಕಲಿಸಿದ್ದು ಹಳೇ ಪದ್ಧತಿ. ಪುಟದ ಪ್ರತಿ ಸಾಲಿನ ಹಿಂದೆಯೂ ಮುಂದೆಯೂ ಅದರ ಬಣ್ಣ, ಅಳತೆ, ಫಾಂಟಿನ ಹೆಸರು ಬರೆಯಬೇಕು. ನಲವತ್ತು ಪತ್ರಿಕೆಗಳಾದ ಮೇಲೆ ಒಂದು ದಿನ ಯಜಮಾನರು ಬಂದು ನೋಡಿ, ಇದು ಟೊಮೆಟೊ ಕೆಂಪಾಯ್ತು, ಕುಂಕುಮದ ಕೆಂಪು ಬೇಕು ಅಂದರು. ನಲವತ್ತು ಪುಟಗಳ ಒಂದೊಂದು ಸಾಲಿಗೂ ಹೋಗಿ ಬಣ್ಣ ಬದಲಿಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅವರು, ಸ್ವಲ್ಪ ಕಡಿಮೆ ಮಾಡಮ್ಮ ಅಂದಾಗ ನನಗೆ ಅಳು ಬಂದಿತ್ತು.

ಆ ಭಾನುವಾರ ಚಿತ್ರದುರ್ಗದ ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತು, ಬೇರೆಯವರು ಪುಟಗಳನ್ನು ಹೇಗೆ ಕಟ್ಟುತ್ತಾರೆ ಎಂದು ಒಳಗಿನ ಬರಹ ತೆರೆದು ನೋಡಿದೆ. ಒಂದರಲ್ಲಿ ಬಣ್ಣವೂ ಇಲ್ಲ, ಅಳತೆಯೂ ಇಲ್ಲ. ಮೇಲೆ ಒಂದೇ ಸಾಲು: ಬಣ್ಣ ಅಳತೆಗಳೆಲ್ಲ ಇಂಥ ಕಡತದಲ್ಲಿವೆ, ಅಲ್ಲಿ ನೋಡಿಕೋ. ಅದು ಸ್ಟೈಲ್ ಶೀಟ್. ಪುಟ ತಾನು ಏನು ಎಂದಷ್ಟೇ ಹೇಳುತ್ತದೆ, ಹೇಗೆ ಕಾಣಬೇಕು ಎಂದು ಶೀಟ್ ಹೇಳುತ್ತದೆ. ಪುಟಗಳಿಗೆ ಚೆಂದ ಮಾಡುವ ಈ ಭಾಷೆ ಹುಟ್ಟಿ ಆಗಲೇ ಏಳೆಂಟು ವರ್ಷವಾಗಿತ್ತಂತೆ. ಚಿತ್ರದುರ್ಗದ ಕೋರ್ಸಿಗೆ ಅದಿನ್ನೂ ಬಂದಿರಲಿಲ್ಲ. ಅದರ ನಿಯಮಗಳನ್ನು ಪ್ರಿಂಟ್ ತೆಗೆಸಿಕೊಂಡು ಬಸ್ಸಿನಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದೆ. ಒಂದು ಬ್ರೌಸರಿನಲ್ಲಿ ಅಂಚು ಸರಿಯಾಗಿ ಕೂತರೆ ಇನ್ನೊಂದರಲ್ಲಿ ಜಾರುತ್ತಿತ್ತು. ಅತ್ತೆಗೊಂದು ರುಚಿ ಸೊಸೆಗೊಂದು ರುಚಿ ಎಂದು ಎರಡಕ್ಕೂ ಅಡುಗೆ ಮಾಡುವುದನ್ನೂ ಕಲಿತೆ. ಹದಿನೈದು ದಿನದಲ್ಲಿ ಎಲ್ಲ ಪುಟಗಳೂ ಒಂದೇ ಶೀಟಿನ ಕೆಳಗೆ ಬಂದವು. ಒಂದು ಪದ ಬದಲಿಸಿದರೆ ನಲವತ್ತು ಪತ್ರಿಕೆಗಳು ಒಟ್ಟಿಗೇ ಬಣ್ಣ ಬದಲಿಸುತ್ತಿದ್ದವು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಾನು ದಿನಕ್ಕೆ ನಾಲ್ಕು ಸಲ ಬಣ್ಣ ಬದಲಿಸಿ ಸಂತೋಷಪಟ್ಟೆ.

ಈ ಹೊಸ ವಿದ್ಯೆಯನ್ನು ಯಾರಿಗಾದರೂ ತೋರಿಸಲೇಬೇಕಿತ್ತು. ತಿಪ್ಪೇಸ್ವಾಮಣ್ಣನನ್ನು ಕರೆದೆ. ಅವರು ಕೈ ಒರೆಸಿಕೊಂಡು ಬಂದು, ಸ್ಟೂಲಿನ ತುದಿಯಲ್ಲಿ ಕೂತು, ಎಲ್ಲ ಕೇಳಿಸಿಕೊಂಡರು. ಆಮೇಲೆ, "ಇದು ನನ್ನ ಹಲಗೆ ಅಲ್ವೇನವ್ವ?" ಅಂದರು.

ನಾನು ಬೆಪ್ಪಾದೆ. ಹೌದು, ಅದೇ. ಅವರು 'ಹೆ', 'ಮು' ಎಂದು ಗುರುತು ಹಾಕುತ್ತಿದ್ದುದೇ ಇಲ್ಲೂ ನಡೆಯುತ್ತಿತ್ತು. ಹತ್ತಿರದ ನಿಯಮ ದೂರದ ನಿಯಮವನ್ನು ಮೀರುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು: ಗಿರಾಕಿ ತನ್ನ ಬರಹದಲ್ಲೇ 'ಅಜ್ಜನ ಹೆಸರು ದೊಡ್ಡದು' ಎಂದು ಬರೆದಿದ್ದರೆ ಹಲಗೆಯನ್ನು ಕೇಳುವ ಹಾಗಿಲ್ಲ, ಗಿರಾಕಿಯದೇ ಮಾತು. ನಾನು ಇಂಗ್ಲಿಷಿನಲ್ಲಿ ವಾರಗಟ್ಟಲೆ ತಡಕಾಡಿದ್ದು ಹಿಂದಿನ ಕೋಣೆಯ ಗೋಡೆಯ ಮೇಲಿತ್ತು. ಸೋತದ್ದನ್ನು ಒಪ್ಪಿಕೊಳ್ಳದೆ ಕೊಂಕು ತೆಗೆದೆ: ಎರಡು ಹಲಗೆಯಲ್ಲೂ ಅರ್ಧಕ್ಕರ್ಧ ಒಂದೇ ಅಳತೆ ಇದೆಯಲ್ಲ, ನನ್ನದರ ಹಾಗೆ ಒಂದೇ ಸಾಕಾಗಿತ್ತು.

"ಬ್ಯಾಡ ತಾಯಿ. ಕೈ ಮರೀತೈತೆ, ಹಲಗೆ ಮರೆಯಲ್ಲ. ಕೆಂಪಿಗೊಂದು ಕಪ್ಪಿಗೊಂದು ಇರ್ಬೇಕು."

ಕಂಪ್ಯೂಟರಿಗೆ ಮೈಲಿಗೆ ಇಲ್ಲ ಬಿಡ್ರಿ ಎಂದು ನಾನು ನಕ್ಕೆ. ಅವರೂ ನಕ್ಕರು.

ವೈಶಾಖದಲ್ಲಿ ಅವರ ಒಬ್ಬಳೇ ಮಗಳು ಸುಧಾಳ ಮದುವೆ ಗೊತ್ತಾಯಿತು. ಗಂಡು ಹಿರಿಯೂರಿನ ಪ್ರಕಾಶ, ಪ್ರೈಮರಿ ಸ್ಕೂಲ್ ಮೇಷ್ಟ್ರು. ತಂದೆ ಇಲ್ಲ, ತಾಯಿ ಗೌರಮ್ಮ ಇದ್ದಾರೆ. ಆದರೆ ಮನೆಯ ಮಾತೆಲ್ಲ ದೊಡ್ಡಪ್ಪ ಓಂಕಾರಪ್ಪನವರದ್ದು, ಪಂಪ್‌ಸೆಟ್ ಅಂಗಡಿ ಇಟ್ಟಿದ್ದರು. ಸುಧಾಳಿಗೆ ಹಿಂದೆ ಎರಡು ಸಂಬಂಧ ಬಂದು ಮುರಿದಿದ್ದವು, ಯಾವ ತಪ್ಪೂ ಇಲ್ಲದೆ. ಈ ಸಲ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ತಿಪ್ಪೇಸ್ವಾಮಣ್ಣ ಎರಡೂ ಕಡೆಯ ಪತ್ರಿಕೆಗಳನ್ನು ತಾವೇ ಮೊಳೆ ಜೋಡಿಸಿ ಅಚ್ಚು ಹಾಕಿಕೊಡುವುದಾಗಿ ಹೇಳಿ ಬಂದರು. ಸಾವಿರಾರು ಮನೆಯ ಲಗ್ನಪತ್ರಿಕೆ ಜೋಡಿಸಿದ ಕೈ ಅದು. ಮಗಳ ಹೆಸರಿನ ಮೊಳೆಗಳನ್ನು ಹುಡುಕಲು ಅರ್ಧ ಗಂಟೆ ತೆಗೆದುಕೊಂಡರು. ಎಲ್ಲೂ ಸವೆಯದ, ಅಂಚು ಮುರಿಯದ ಮೊಳೆಗಳೇ ಬೇಕೆಂದು ಖಾನೆಯೆಲ್ಲ ಕೆದಕಿದರು. ನಾನು ನನ್ನ ಉಡುಗೊರೆ ಎಂದು ಎರಡೂ ಪತ್ರಿಕೆಗಳನ್ನು ಇಂಟರ್ನೆಟ್ಟಿಗೆ ಹಾಕಿದೆ. ಓಂಕಾರಪ್ಪನವರ ಭಾವಮೈದ ಪುಣೆಯಲ್ಲಿದ್ದರು. ಅವರೂ ನೋಡಬಹುದು ಎಂದು ವಿಳಾಸವನ್ನೂ, ಕನ್ನಡ ಫಾಂಟ್ ಇಳಿಸಿಕೊಳ್ಳುವ ಬಗೆಯನ್ನೂ ಬರೆದುಕೊಟ್ಟೆ.

ಅದಾಗಿ ಒಂದು ವಾರಕ್ಕೆ ಕೊಬ್ಬರಿ ವರ್ತಕರೊಬ್ಬರ ತಂದೆ ತುಂಬು ವಯಸ್ಸಿನಲ್ಲಿ ತೀರಿಕೊಂಡರು. ಇಂದೋರಿನ ನೆಂಟರಿಗಾಗಿ ತಿಥಿ ಕಾರ್ಡನ್ನೂ ಇಂಟರ್ನೆಟ್ಟಿಗೆ ಹಾಕಿ ಎಂದು ಕೇಳಿದರು. ನಮ್ಮಲ್ಲಿ ಅದೇ ಮೊದಲು. ಲಗ್ನಪತ್ರಿಕೆಯ ಒಂದು ಪುಟವನ್ನೇ ನಕಲು ಮಾಡಿ, ಒಳಗಿನ ಬರಹ ಬದಲಿಸಿದೆ. ಆಮೇಲೆ ಶೀಟ್ ತೆರೆದು ಕೆಂಪು ಇದ್ದಲ್ಲಿ ಕಪ್ಪು ಎಂದೂ, ಮಾವಿನೆಲೆಯ ಅಂಚು ಇದ್ದಲ್ಲಿ ಕಪ್ಪು ಗೆರೆ ಎಂದೂ ಬರೆದೆ. ಹತ್ತು ನಿಮಿಷದ ಕೆಲಸ. ಪುಟ ಬಹಳ ಗಂಭೀರವಾಗಿ ಕಾಣುತ್ತಿತ್ತು, ಯಜಮಾನರೂ ತಲೆಯಾಡಿಸಿದರು. ಅಭ್ಯಾಸದಂತೆ ಸುಧಾಳ ಪುಟವನ್ನೂ ಒಮ್ಮೆ ತೆರೆದು ನೋಡಿದೆ, ಕೆಂಪಗೇ ಇತ್ತು. ನಮ್ಮ ಕಂಪ್ಯೂಟರು ಹಿಂದೆ ತೋರಿಸಿದ್ದನ್ನು ಎತ್ತಿಟ್ಟುಕೊಂಡು ಮತ್ತೆ ಅದನ್ನೇ ತೋರಿಸುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೆಯ ದಿನ ಹಿರಿಯೂರಿನಿಂದ ಫೋನು. ಪುಣೆಯ ಭಾವಮೈದ ಪುಟ ತೆರೆದಿದ್ದರು. ವಧೂವರರ ಹೆಸರು ಕಪ್ಪು ಅಕ್ಷರದಲ್ಲಿ, ಸುತ್ತ ತಿಥಿ ಕಾರ್ಡಿನ ಗೆರೆ. ಓಂಕಾರಪ್ಪನವರು ಕೂಗಾಡಲಿಲ್ಲವಂತೆ. ಮದುವೆಗೆ ಮೊದಲೇ ಹಿಂಗೆ ಕಂಡಮೇಲೆ ನಾವು ಯೋಚನೆ ಮಾಡಬೇಕಾಗುತ್ತೆ ಎಂದು ಮಾತ್ರ ಹೇಳಿ ಇಟ್ಟರಂತೆ. ಫೋನ್ ಹಿಡಿದಿದ್ದವರು ತಿಪ್ಪೇಸ್ವಾಮಣ್ಣ. ನನ್ನ ಮೇಜಿನ ಹತ್ತಿರ ಬಂದು, "ಮಂಜಮ್ಮ, ನಮ್ಮ ಸುಧಾನ ಕಾರ್ಡು ಕಪ್ಪಾಗೈತಂತೆ, ನೋಡು" ಅಂದರು.

ನನಗೆ ನೋಡುವ ಮೊದಲೇ ಏನಾಗಿದೆ ಎಂದು ಗೊತ್ತಾಗಿಹೋಗಿತ್ತು. ಒಂದೇ ಹಲಗೆ. ಸುಧಾ ಮಾತ್ರವಲ್ಲ, ನಲವತ್ತೂ ಮದುವೆಗಳಿಗೆ ನಾನು ಕಪ್ಪು ಬಳಿದಿದ್ದೆ. ಅವತ್ತೇ ಎರಡು ಶೀಟ್ ಮಾಡಿದೆ, ಒಂದಕ್ಕೆ 'ಕೆಂಪು' ಎಂದೂ ಒಂದಕ್ಕೆ 'ಕಪ್ಪು' ಎಂದೂ ಹೆಸರಿಟ್ಟೆ. ಸಂಜೆಯೊಳಗೆ ಎಲ್ಲ ಮೊದಲಿನಂತಾಯಿತು. ಆದರೆ ಓಂಕಾರಪ್ಪನವರದ್ದು ಒಂದೇ ಮಾತು: ಕಂಡಿದ್ದು ಕಂಡಿದ್ದೇ.

ತಿಪ್ಪೇಸ್ವಾಮಣ್ಣ ನನಗೆ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ಹಲಗೆ ಇರಬೇಕು ಅಂದಿದ್ದೆನಲ್ಲ ಎಂದು ಕೂಡ ಅನ್ನಲಿಲ್ಲ. ಮಾರನೆಯ ದಿನ ಬಿಳಿ ಅಂಗಿ ಹಾಕಿಕೊಂಡು ಬಂದು, "ಹಿರಿಯೂರಿಗೆ ಹೋಗಾಣ, ನೀನೂ ಬಾ. ಹೆಂಗಾತು ಅಂತ ನನಗಿಂತ ಚೆನ್ನಾಗಿ ನೀನು ಹೇಳ್ತೀಯ" ಅಂದರು. ನಾನು ಎಲ್ಲ ಪುಟಗಳನ್ನೂ ಫ್ಲಾಪಿಗೆ ತುಂಬಿಕೊಂಡು ಹೊರಟೆ. ಬಸ್ಸಿನ ಸೀಟು ಕೂರಲಾಗದಷ್ಟು ಕಾದಿತ್ತು. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತ ಕೂತರು. ಹಿರಿಯೂರಿನಲ್ಲಿ ಇಳಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, ಖಾಲಿ ಹೊಟ್ಟೇಲಿ ಮಾತಾಡಬಾರದು ಅಂದರು. ತಾವು ಮಾತ್ರ ಒಂದು ಕಾಳೂ ಮುಟ್ಟಲಿಲ್ಲ.

ಪಂಪ್‌ಸೆಟ್ ಅಂಗಡಿಯಲ್ಲಿ ಓಂಕಾರಪ್ಪನವರು ಕುರ್ಚಿ ಹಾಕಿಸಿ ನೀರು ಕೊಟ್ಟರು. ಮರ್ಯಾದೆಗೇನೂ ಕಡಿಮೆ ಇರಲಿಲ್ಲ, ಅದೇ ನನಗೆ ಹೆಚ್ಚು ಭಯವಾದದ್ದು. ನಾನು ಬಾಯಿ ತೆಗೆಯುವ ಮೊದಲೇ ತಿಪ್ಪೇಸ್ವಾಮಣ್ಣ, "ತಪ್ಪು ನಮ್ಮ ಪ್ರೆಸ್ಸಿಂದು. ಈ ಹುಡುಗೀದಲ್ಲ. ಮಗಳ ಕಾರ್ಡು ಅಪ್ಪ ನೋಡ್ಕಬೇಕಿತ್ತು, ನೋಡ್ಕಳಿಲ್ಲ" ಅಂದುಬಿಟ್ಟರು. ಅಷ್ಟರಲ್ಲಿ ಒಳಗಿನ ಬಾಗಿಲಲ್ಲಿ ಗೌರಮ್ಮ ಬಂದು ನಿಂತರು. ಬೀಗರು ಬಂದಿದ್ದಾರೆಂದು ಹಿಂದಿನ ಮನೆಯಿಂದ ಬಂದಿದ್ದರು. ಐವತ್ತರ ಆಸುಪಾಸು, ಬರಿಹಣೆ, ಕೈಯಲ್ಲಿ ಬಳೆಯಿಲ್ಲ. ಆ ಕಪ್ಪು ಕಾರ್ಡನ್ನು ನೀವು ಯಾರಾದರೂ ಕಣ್ಣಲ್ಲಿ ನೋಡಿದಿರಾ ಎಂದು ಕೇಳಿದರು. ಪುಣೆಯವರು ಹೇಳಿದ್ದಷ್ಟೇ, ಆ ಮನೆಯವರು ಯಾರೂ ನೋಡಿರಲಿಲ್ಲ. ಹಾಗಾದರೆ ನನಗೆ ತೋರಿಸು ಎಂದು ನನ್ನ ಕಡೆ ತಿರುಗಿದರು.

ನಾಲ್ವರೂ ಬಸ್ ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿಗೆ ಹೋದೆವು. ಗೌರಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ನನ್ನ ಫಾಂಟನ್ನು ಫ್ಲಾಪಿಯಿಂದ ಹಾಕಿ, ಸುಧಾಳ ಪುಟ ತೆರೆದೆ. ಕೆಂಪಗಿತ್ತು. ಶೀಟಿನಲ್ಲಿ ಬಣ್ಣದ ಪದವನ್ನು ಅಳಿಸಿ ಕಪ್ಪು ಎಂದು ಬರೆದು, ಹೊಸದಾಗಿ ತೆರೆದೆ. ಕಪ್ಪಾಯಿತು. ಓಂಕಾರಪ್ಪನವರು ಮುಖ ಆಚೆ ತಿರುಗಿಸಿದರು. ಗೌರಮ್ಮ ತಿರುಗಿಸಲಿಲ್ಲ. ಮತ್ತೆ ಕೆಂಪು ಮಾಡು ಅಂದರು, ಮಾಡಿದೆ. ಮತ್ತೆ ಕಪ್ಪು ಮಾಡು ಅಂದರು. ಅದೂ ಆಯಿತು. ಮತ್ತೆ ಕೆಂಪು. ಆತುರದಲ್ಲಿ ಎರಡು ಸಲ ತಪ್ಪು ಕೀ ಒತ್ತಿದೆ.

"ಒಂದು ಪದ ಬರೆದ್ರೆ ಕಪ್ಪು, ಒಂದು ಪದ ಬರೆದ್ರೆ ಕೆಂಪು. ಬಣ್ಣ ಬಳಿಯೋರು ನಾವೇ. ಇದರಾಗೆ ದೇವರ ಶಕುನ ಎಲ್ಲೈತೆ ಭಾವ?" ಎಂದು ಗೌರಮ್ಮ ಕೇಳಿದರು.

ಗೌರಮ್ಮ ಗಂಡಿನ ಕಡೆಯ ಪತ್ರಿಕೆಯನ್ನು ತೆರೆಸಿ, ಪರದೆಗೆ ಹತ್ತಿರ ಬಗ್ಗಿ, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಅಚ್ಚಾದ ಕಟ್ಟು ಭಾವನ ಅಂಗಡಿಯಲ್ಲೇ ಇದ್ದುದರಿಂದ ಅವರು ಅದನ್ನು ಓದುತ್ತಿದ್ದುದು ಇದೇ ಮೊದಲು. ದಿವಂಗತ ಸಿದ್ದಪ್ಪನವರ ಪುತ್ರ. ಕರೆಯುವವರು ದೊಡ್ಡಪ್ಪ, ದೊಡ್ಡಮ್ಮ, ಸೋದರಮಾವಂದಿರು, ಅವರ ಹೆಂಡಂದಿರು. ಓದಿ ಮುಗಿಸಿ, ಇದರಲ್ಲಿ ನನ್ನ ಹೆಸರೆಲ್ಲಿ ಎಂದರು.

ತಿಪ್ಪೇಸ್ವಾಮಣ್ಣ ತಲೆ ತಗ್ಗಿಸಿದರು. ನಮ್ಮ ಹಲಗೆಯಲ್ಲಿ ಹಾಗೆ ಬರೆದಿದೆ, ಹೆಂಗಸರ ಪೈಕಿ ಮುತ್ತೈದೆಯರ ಹೆಸರು ಮಾತ್ರ ಎಂದು ತೊದಲಿದರು.

"ಹಲಗೆ ಬರೆದೋರು ಯಾರು?"

"ನಾನೇ ತಾಯಿ."

"ಹಂಗಾದ್ರೆ ಅದೂ ಬಣ್ಣ ಬಳಿದಂಗೇ ಆತಲ್ಲ. ಹನ್ನೊಂದು ವರ್ಷ ಒಬ್ಬಳೇ ಓದಿಸಿ ಮೇಷ್ಟ್ರು ಮಾಡಿದೀನಿ. ಮಗನ ಮದ್ವೆಗೆ ನಾನು ಕರೀಬೇಕು. ನನ್ನ ಹೆಸರು ಹಾಕ್ರಿ, ಕೆಂಪಲ್ಲೇ ಹಾಕ್ರಿ. ಮದ್ವೆ ನಿಲ್ಲಲ್ಲ."

ಕೊನೆಯ ಮಾತನ್ನು ಅವರು ಭಾವನ ಮುಖ ನೋಡಿಯೇ ಹೇಳಿದರು. ಓಂಕಾರಪ್ಪನವರು ಪರದೆಯಲ್ಲಿ ತಮ್ಮ ಹೆಸರಿದ್ದ ಸಾಲನ್ನು ಬೆರಳಲ್ಲಿ ತೋರಿಸಿ, "ನನ್ನ ಹೆಸರಿಗಿಂತ ಮೇಲೆ ಹಾಕಿ, ತಾಯಿ ಅಲ್ವಾ" ಅಂದರು. ಪುಟದ ಆ ಒಂದು ಸಾಲಿಗೆ ಮಾತ್ರ ಬೇರೆ ನಿಯಮ ಬರೆದು, ಗೌರಮ್ಮನವರ ಹೆಸರನ್ನು ನಾನು ಅಲ್ಲೇ ಸೇರಿಸಿದೆ.

ಹೊಸದುರ್ಗಕ್ಕೆ ಬಂದ ತಿಪ್ಪೇಸ್ವಾಮಣ್ಣ ಅಂಗಿ ಕೂಡ ಬದಲಿಸದೆ ಹಿಂದಿನ ಕೋಣೆಗೆ ಹೋದರು. ಚಾಕುವಿನಿಂದ ಕೆಂಪು ಹಲಗೆಯ ಕೊನೆಯ ಸಾಲನ್ನು ಕೆರೆದು ತೆಗೆದರು. ಮಾರನೆ ಬೆಳಿಗ್ಗೆ ಯಂತ್ರಕ್ಕೆ ಕುಂಕುಮವಿಟ್ಟು, ಗೌರಮ್ಮನವರ ಹೆಸರಿಗೂ ಮಗಳ ಹೆಸರಿಗೆ ಹುಡುಕಿದಂತೆಯೇ ಸವೆಯದ ಮೊಳೆಗಳನ್ನು ಹುಡುಕಿದರು. ಗಂಡಿನ ಕಡೆಯ ಪತ್ರಿಕೆಗಳಲ್ಲಿ ಇನ್ನೂ ಹಂಚದೆ ಉಳಿದಿದ್ದವನ್ನೆಲ್ಲ ಹಿರಿಯೂರಿನಿಂದ ಬರುವಾಗಲೇ ತಂದಿದ್ದರು. ಓಂಕಾರಪ್ಪನವರ ಹೆಸರಿನ ಮೇಲೆ ಒಂದು ಸಾಲಿಗೆ ಆಗುವಷ್ಟು ಜಾಗವಿತ್ತು. ಒಂದೊಂದನ್ನೇ ಮತ್ತೆ ಯಂತ್ರಕ್ಕೆ ಕೊಟ್ಟು ಆ ಸಾಲು ಮೂಡಿಸಿದರು. ಹಗಲೆಲ್ಲ ಟ್ರೆಡಲ್ಲಿನ ಸದ್ದು ಕೇಳುತ್ತ ನಾನು ಮುಂದಿನ ಕೋಣೆಯಲ್ಲಿ ಕೂತಿದ್ದೆ. ಮಧ್ಯಾಹ್ನ ಒಂದು ಹದ ಮಳೆ ಬಿದ್ದು, ಬೀದಿಯೆಲ್ಲ ತಣ್ಣಗಾಯಿತು.

ಅವತ್ತೇ ಸಂಜೆ ಪತ್ರಿಕೆಗಳ ಕಟ್ಟು ಹಿಡಿದು ಮತ್ತೆ ಹಿರಿಯೂರಿಗೆ ಹೋದೆವು. ಗೌರಮ್ಮ ಕಟ್ಟು ಬಿಚ್ಚಿ, ಮೇಲಿನ ಪತ್ರಿಕೆಯಲ್ಲಿ ತಮ್ಮ ಹೆಸರು ಹುಡುಕಿ, ಅದರ ಮೇಲೆ ಬೆರಳಿಟ್ಟರು. ಶಾಯಿ ಇನ್ನೂ ಆರಿರಲಿಲ್ಲ. ಬೆರಳ ತುದಿ ಕೆಂಪಾಯಿತು. ತಿಪ್ಪೇಸ್ವಾಮಣ್ಣ ಗಾಬರಿಯಾಗಿ, ಜೇಬಿನಲ್ಲಿದ್ದ ಸೀಮೆಎಣ್ಣೆಯ ಬಟ್ಟೆ ತೆಗೆದು ಅವರ ಕಡೆ ಚಾಚಿದರು.

ಗೌರಮ್ಮ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ಇರ್ಲಿ ಬಿಡಿ" ಅಂದರು.